ಬೋರಲು ಮಲಗಿ ಕೇಳಿದ ‘ಏಳನೆಯ ಬಾವಿ’

ಕಣ್ಣಿನ ಕಾಯಿಲೆಯಲ್ಲಿ ನೋವಿರುವುದಿಲ್ಲ ಎಂದು ಜನ ಸಮಾಧಾನ ಹೇಳುತ್ತಾರೆ. ನೋವಿಲ್ಲ ನಿಜ, ದಣಿವಿದೆ. ವರ್ಷ ಕಳೆದರೂ ನನಗೆ ಆ ದಣಿವು ಪೂರ್ತಿ ಹೋಗಿಲ್ಲ. ಇದನ್ನು ಬರೆಯುವಾಗಲೂ ಹತ್ತು ಸಾಲಿಗೊಮ್ಮೆ ಪೆನ್ನು ಇಟ್ಟು ಕಣ್ಣು ಮುಚ್ಚುತ್ತೇನೆ. ಉಂಡೆ ಉಂಡೆ ದೊಡ್ಡ ಅಕ್ಷರದಲ್ಲಿ ನಾನು ಬರೆದದ್ದನ್ನು ಮಗಳು ಬೈದುಕೊಳ್ಳುತ್ತ ಟೈಪ್ ಮಾಡುತ್ತಾಳೆ. ಆದರೂ ಬರೆಯುತ್ತಿದ್ದೇನೆ. ಬೋರಲು ಮಲಗಬೇಕೆಂಬ ಚೀಟಿ ಹಿಡಿದುಕೊಂಡು ಆಸ್ಪತ್ರೆಯಿಂದ ಮನೆಗೆ ಬಂದ ದಿನ, ಹಾಗೆ ಮಲಗಿ ಎದ್ದವರು ಯಾರಾದರೂ ಒಬ್ಬರು ಮಾತಾಡಲು ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು ಎಂದು ನನಗೆ ಅನಿಸಿತ್ತು.

ನನ್ನ ಹೆಸರು ಸುವರ್ಣಾ. ಮನೆ ಭಾಲ್ಕಿಯಲ್ಲಿ, ಕೆಲಸ ಔರಾದಿನ ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ. ಹತ್ತೊಂಬತ್ತು ವರ್ಷ ದಿನಾ ಬೆಳಿಗ್ಗೆ ಬಸ್ಸು ಹತ್ತಿ ಹೋಗಿ, ಜನರ ರಕ್ತ, ಕಫ ಗಾಜಿನ ಪಟ್ಟಿಯ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡಿದವಳು. ನೋಡುವುದೇ ನನ್ನ ಅನ್ನ. ಅದೂ ಎಡಗಣ್ಣೊಂದರಿಂದ. ಬಲಗಣ್ಣು ಚಿಕ್ಕಂದಿನಿಂದ ಮಂದ. ಎದುರಿಗೆ ಮನುಷ್ಯ ನಿಂತಿದ್ದಾನೆ ಎಂಬುದು ಅದಕ್ಕೆ ತಿಳಿಯುತ್ತದೆ, ಯಾರು ಎಂಬುದು ತಿಳಿಯುವುದಿಲ್ಲ.

ಒಂದು ಸೋಮವಾರ ಸೂಕ್ಷ್ಮದರ್ಶಕದಲ್ಲಿ ಕರಿ ಚುಕ್ಕೆಗಳು ಕಂಡವು. ಬಣ್ಣ ಸರಿಯಾಗಿ ಸೋಸಿಲ್ಲ ಎಂದುಕೊಂಡೆ. ಸೋಸದ ಬಣ್ಣದ ಕಸ ಹಾಗೆಯೇ ಕಾಣುತ್ತದೆ, ಲ್ಯಾಬಿನಲ್ಲಿ ಕೂತವರಿಗೆಲ್ಲ ಗೊತ್ತು. ಮತ್ತೆ ಸೋಸಿದೆ. ಮಸೂರ ಒರೆಸಿದೆ. ಪಟ್ಟಿ ಬದಲಿಸಿದೆ. ಒರೆಸುವ ಬಟ್ಟೆಯಲ್ಲೇ ಧೂಳಿದೆ ಎಂದು ಪಾಪದ ಆಯಾಳ ಮೇಲೆ ರೇಗಿದೆ. ಮೂರು ದಿನ ಹೀಗೆ ಯಂತ್ರ ತೊಳೆಯುವುದರಲ್ಲೇ ಕಳೆದೆ, ಕೆಟ್ಟಿದ್ದು ಕಣ್ಣು ಎಂದು ತೋಚಲೇ ಇಲ್ಲ. ನಾಲ್ಕನೆಯ ದಿನ ಬಸ್ಸಿನಲ್ಲಿ ಮೂಗಿನ ಪಕ್ಕ ಸೆರಗಿನ ಅಂಚು ಅಡ್ಡ ಬಂದಂತಾಯಿತು. ಸರಿಸಿದೆ, ಮತ್ತೆ ಬಂತು. ಇನ್ನೂ ಹಿಂದಕ್ಕೆ ಎಳೆದೆ. ಪಕ್ಕದ ಸೀಟಿನ ಹೆಂಗಸು ನೋಡಿ ನೋಡಿ ಸಾಕಾಗಿ, “ಸೆರಗ ಬರೋಬರ್ ಅದರಿ ಅಕ್ಕೋರ, ಎಷ್ಟ ಸಲ ಎಳಕೋತೀರಿ?” ಎಂದಳು. ಎಡಗಣ್ಣು ಮುಚ್ಚಿ ನೋಡಿದೆ, ಅಂಚು ಮಾಯವಾಯಿತು.

ಬೀದರಿನ ಕಣ್ಣಿನ ಆಸ್ಪತ್ರೆಯಲ್ಲಿ ಕಾಯುವ ಜಾಗ ಉದ್ದನೆಯ ಪಡಸಾಲೆ. ಕಣ್ಣಿಗೆ ಹನಿ ಹಾಕಿ, ಮುಚ್ಚಿಕೊಂಡು ಕೂಡಿರಿ ಎನ್ನುತ್ತಾರೆ. ನಲವತ್ತು ಜನ ಸಾಲಾಗಿ ಕಣ್ಣು ಮುಚ್ಚಿ ಕೂತಿರುತ್ತೇವೆ. ಹೆಸರು ಕರೆದಾಗ ಒಬ್ಬರು ಎದ್ದು ತಡವರಿಸುತ್ತ ಹೋಗುತ್ತಾರೆ, ಉಳಿದವರು ಒಂದು ಕುರ್ಚಿ ಮುಂದೆ ಸರಿಯುತ್ತೇವೆ. ನನ್ನ ಪಕ್ಕ ಗಾಂಧಿ ಗಂಜ್ ಧಾನ್ಯದ ಪೇಟೆಯ ಹಮಾಲರೊಬ್ಬರು ಇದ್ದರು. ಮುಖ ನೋಡಲಿಲ್ಲ, ದನಿ ಅಷ್ಟೇ. “ತೊಗರಿ ಚೀಲ ಹೊರೋದೇ ಹಗುರ ನೋಡ್ರಿ, ಇದು ಕೂತು ಕೂತು ಜೀವ ಸಾಕಾಯ್ತು” ಎಂದರು. ಆ ದಿನ ಯಾರಾದರೂ ಆಡಿದ ಸತ್ಯವಾದ ಮಾತು ಅದೊಂದೇ.

ಡಾಕ್ಟರರು ವಾರಕ್ಕೆರಡು ದಿನ ಹೈದರಾಬಾದಿನಿಂದ ಬರುವವರು. ಕಣ್ಣಿನ ಹಿಂದಿನ ಪರದೆ ಗೋಡೆ ಬಿಟ್ಟು ಕಿತ್ತು ಬಂದಿದೆ, ಆಪರೇಷನ್ ಮಾಡಿ ಅಂಟಿಸಬೇಕು, ಒಳಗೆ ಗ್ಯಾಸ್ ತುಂಬಬೇಕು ಎಂದರು. “ಗ್ಯಾಸ್ ಮ್ಯಾಲ ತೇಲ್ತದರಿ. ನೀವು ಮಾರಿ ಕೆಳಗ ಮಾಡಿ ಮಲಗಿದ್ರ ಅದು ಹೋಗಿ ಪರದೆ ಒತ್ತಿ ಹಿಡೀತದ. ಆಪರೇಷನ್ ಅರ್ಧ ನಾ ಮಾಡ್ತೇನಿ, ಅರ್ಧ ನೀವ್ ಮಾಡ್ಬೇಕು. ಹತ್ತು ದಿನ.”

“ಮಾಡ್ತೇನ್ರಿ. ನಾನೂ ದವಾಖಾನಿಯಾಕೀನೇ” ಎಂದೆ, ದೊಡ್ಡ ಜಂಬದಿಂದ.

ನನ್ನ ಯಜಮಾನರ ಹೆಸರು ರಾಜಕುಮಾರ, ಭಾಲ್ಕಿಯಲ್ಲಿ ಪಂಪ್‌ಸೆಟ್ಟು ರಿಪೇರಿ ಮಾಡುತ್ತಾರೆ. ಆಪರೇಷನ್ ಮುಗಿದ ಮೇಲೆ ಅವರು ಜೀಪು ಮಾಡಿಸಿ ಮನೆಗೆ ಕರೆತಂದರು. ದಾರಿಯುದ್ದಕ್ಕೂ ತಲೆ ತೊಡೆಗೆ ತಾಗಿಸಿ ಜೀಪಿನ ತಳ ನೋಡುತ್ತ ಬಂದೆ. ಮನೆಯಲ್ಲಿ ಹೊಟ್ಟೆಯಡಿ ದಿಂಬಿಟ್ಟು, ಹಣೆಗೆ ಇನ್ನೊಂದು ದಿಂಬಿಟ್ಟು ಬೋರಲು ಮಲಗಿದೆ. ಗಂಟೆಗೆ ಹತ್ತು ನಿಮಿಷ ಮಾತ್ರ ಏಳಬಹುದು, ಆಗಲೂ ತಲೆ ತಗ್ಗಿಸಿಯೇ ಇರಬೇಕು. ಕೊರಳು ಕಲ್ಲಾಯಿತು, ಬೆನ್ನು ಸೆಟೆಯಿತು. ಉಸಿರು ದಿಂಬಿಗೆ ಹೊಡೆದು ವಾಪಸು ಮುಖಕ್ಕೇ ಬರುತ್ತಿತ್ತು.

ಅತ್ತೆಗೆ ನಾನು ಮಲಗಿದ ರೀತಿಯೇ ಸರಿಬರಲಿಲ್ಲ. ನಮ್ಮ ಮನೆಗಳಲ್ಲಿ ಹೆಂಗಸರು ಹಗಲು ಹೊತ್ತು ಮಲಗುವುದೇ ತಪ್ಪು, ಅದರಲ್ಲೂ ಬೋರಲು ಮಲಗುವುದೆಂದರೆ ಮನೆಗೆ ಕೇಡು. “ನೋಡವರ ಕಣ್ಣಿಗಿ ಛಲೋ ಕಾಣಂಗಿಲ್ಲ ಸುವರ್ಣಾ, ಜರಾ ಮಗ್ಗಲಾರ ಆಗು” ಎಂದು ಬಾಗಿಲಲ್ಲಿ ನಿಂತು ಹೇಳುತ್ತಿದ್ದರು. ನೋಡುವವರು ಬರುತ್ತಲೇ ಇದ್ದರು. ಆಪರೇಷನ್ ಆದವರನ್ನು ಮಾತಾಡಿಸಲು ಹೋಗದಿದ್ದರೆ ನಮ್ಮ ಕಡೆ ಸಂಬಂಧ ಕೆಡುತ್ತದೆ. ಬಿಸ್ಕೀಟು, ಬಾಳೆಹಣ್ಣು ಹಿಡಿದುಕೊಂಡು ಬಂದು, ಮಂಚದ ಸುತ್ತ ಕೂತು, ನನ್ನ ಹಿಂದಲೆಗೆ ಸಮಾಧಾನ ಹೇಳುತ್ತಿದ್ದರು. ನಾನು ಏಳುತ್ತಿದ್ದೆ. ಮರ್ಯಾದೆಗೆ ಎದ್ದೆ ಎಂದು ಆಗ ಹೇಳಿಕೊಂಡೆ. ಅರ್ಧ ಸುಳ್ಳು. ಮನುಷ್ಯರ ಎದುರಿಗೆ ಕೂಡುವ ಆಸೆಗೂ ಎದ್ದೆ. ಹತ್ತು ನಿಮಿಷ ಅಂತ ಎದ್ದವಳು ಚಹಾ ಮುಗಿಯುವ ತನಕ ಕೂತಿರುತ್ತಿದ್ದೆ.

ಐದನೆಯ ದಿನ ಎಕಂಬಾದಿಂದ ದೊಡ್ಡ ಮಾವ ಬಂದರು. ಇವರು ನನ್ನ ತೀರಿಹೋದ ಮಾವನವರ ಅಣ್ಣ, ಎಂಬತ್ತು ದಾಟಿದವರು, ಮನೆತನಕ್ಕೆ ಹಿರಿಯರು. ಅವರ ಎದುರು ನಾವು ಸೊಸೆಯಂದಿರು ಕೂಡುವುದಿಲ್ಲ. ತಲೆ ಮೇಲೆ ಸೆರಗು ಹೊದ್ದು ನಿಲ್ಲುತ್ತೇವೆ. ಅತ್ತೆಗೆ ಅವರು ಭಾವ, ಗಂಡನ ಅಣ್ಣ. ಅತ್ತೆಯದಂತೂ ಇನ್ನೂ ಬಿಗಿ. ಮದುವೆಯಾಗಿ ಬಂದು ಐವತ್ತು ವರ್ಷವಾದರೂ ಭಾವನ ಎದುರು ಒಂದು ಮಾತು ನೇರವಾಗಿ ಆಡಿದವರಲ್ಲ. ಏನಿದ್ದರೂ ಮಕ್ಕಳ ಮುಖಾಂತರ ಹೇಳಿಸುತ್ತಾರೆ.

ಅಂಗಳದಲ್ಲಿ ಅವರ ಕೋಲಿನ ಸದ್ದು ಕೇಳಿದ್ದೇ ತಡ ಅತ್ತೆ ಓಡಿ ಬಂದು ನನ್ನ ರಟ್ಟೆ ಹಿಡಿದರು. “ಏಳ ಏಳ, ಭಾವನೋರು ಬಂದಾರ. ಹಿಂಗ ಬಿದ್ದಿದ್ರ ಏನಂದಾರು?” ಎದ್ದೆ. ಸೆರಗು ಹೊದ್ದೆ. ಬಗ್ಗಿ ಕಾಲು ಮುಟ್ಟಿ, ನೆಟ್ಟಗೆ ನಿಂತೆ. ದೊಡ್ಡ ಮಾವ ಎಕಂಬಾದ ಸೋಯಾ ಬೆಳೆ, ಕಮಲನಗರದ ಬಾಜಾರು, ಯಾರ ಮನೆಯ ಮದುವೆ ಎಲ್ಲ ಮಾತಾಡಿ, ಊಟ ಮಾಡಿ, ಎಲೆ ಹಾಕಿಕೊಂಡು ಹೊರಡುವ ತನಕ ಗೋಡೆಗೆ ಒರಗಿ ನಿಂತೇ ಇದ್ದೆ. ಒಮ್ಮೆ “ಕೂಡವ್ವಾ” ಎಂದರು. ಹಾಗೆ ಅಂದಾಗ ಕೂಡಬಾರದು ಎಂಬುದೂ ರೂಢಿಯೇ.

ಐದಾರು ವಾರದಲ್ಲಿ ಗ್ಯಾಸು ಇಳಿಯುತ್ತ ಬಂತು. ಮಡಕೆಯಲ್ಲಿ ನೀರಿನ ಮಟ್ಟ ಕಾಣುವಂತೆ ಕಣ್ಣೊಳಗೆ ಒಂದು ಗೆರೆ ತುಳುಕುತ್ತಿತ್ತು, ಅದರ ಒಂದು ಬದಿ ಎಲ್ಲ ನಿಚ್ಚಳ. ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ಓದಿ ಅತ್ತುಬಿಟ್ಟೆ. ಅದಾಗಿ ನಾಲ್ಕೇ ದಿನಕ್ಕೆ ಸೆರಗಿನ ಅಂಚು ಮತ್ತೆ ಬಂತು. ಈ ಸಲ ನಾನು ಸರಿಸಲು ಹೋಗಲಿಲ್ಲ.

“ಬರೋಬರ್ ಮಲಗಿದ್ರಿಲ್ಲರಿ?” ಎಂದು ಡಾಕ್ಟರರು ಕೇಳಿದರು.

“ಹೌದ್ರಿ” ಎಂದೆ. ಪಕ್ಕದಲ್ಲಿ ಯಜಮಾನರು ಕೆಮ್ಮಿದರು. ಬೆಳಗಿನ ಕಫ ತಂದಿಲ್ಲ ಎಂದು, ಮಾತ್ರೆ ಪೂರ್ತಿ ನುಂಗಿಲ್ಲ ಎಂದು ನಾನು ಎಷ್ಟು ರೋಗಿಗಳಿಗೆ ಗದರಿಸಿದ್ದೇನೆ. ಸುಳ್ಳು ಹೇಳುವ ರೋಗಿಯ ಮುಖ ಹೇಗಿರುತ್ತದೆ ಎಂದು ನನಗೆ ಚೆನ್ನಾಗಿ ಗೊತ್ತು. ಡಾಕ್ಟರರಿಗೂ ಗೊತ್ತಿದ್ದಿರಬೇಕು.

“ಒಮ್ಮೊಮ್ಮೆ ಬರೋಬರ್ ಮಲಗಿದ್ರೂ ಹಿಂಗಾಗ್ತದ” ಎಂದರು. “ಈ ಸಲ ಗ್ಯಾಸ್ ಬದ್ಲಿ ಎಣ್ಣಿ ತುಂಬೂಣು. ಆದ್ರ ಹೇಳಿಬಿಡ್ತೇನ್ರಿ ಅಕ್ಕೋರ, ಇದು ಕಡಿ ಸಲ. ಮತ್ತ ಕಿತ್ತು ಬಂದ್ರ ಆಮ್ಯಾಲ ಮಾಡ್ಲಾಕ ಏನೂ ಉಳಿಯಂಗಿಲ್ಲ.”

ಬಲಗಣ್ಣು ಮೊದಲೇ ಇಲ್ಲದಂತೆ. ಎಡಗಣ್ಣೂ ಹೋದರೆ ನಾನು ಕುರುಡಿ. ಮಗಳ ಮುಖ ಕಾಣುವುದಿಲ್ಲ, ಬಸ್ಸಿನ ಬೋರ್ಡು ಕಾಣುವುದಿಲ್ಲ, ನನ್ನ ಗಾಜಿನ ಪಟ್ಟಿಗಳು ಕಾಣುವುದಿಲ್ಲ. ಈ ಸಲ ಹನ್ನೊಂದು ದಿನ ಅಲ್ಲಾಡದೆ ಮಲಗಬೇಕು. ಮಲಗಲು ನನ್ನ ಕೈಲಿ ಆಗುತ್ತದೆಂಬ ನಂಬಿಕೆ ನನಗೇ ಇರಲಿಲ್ಲ. ಸತ್ಯ ಹೇಳಬೇಕೆಂದರೆ ಎರಡನೆಯ ಆಪರೇಷನ್ನಿಗೆ ಹೋಗುವಾಗ ಹೆದರಿಕೆಗಿಂತ ಬೇಸರವೇ ಹೆಚ್ಚಾಗಿತ್ತು. ಬಿಟ್ಟುಬಿಡಲೇ ಎಂದು ಒಂದು ದಿನ ಅಲ್ಲ, ದಿನಾ ಅನಿಸಿತ್ತು.

ಈ ಸಲ ಯಜಮಾನರು ಮೊದಲೇ ತಯಾರಿ ಮಾಡಿದರು. ಕಬ್ಬಿಣದ ಪೈಪು ಬೆಸೆದು ಮಂಚದ ತಲೆಕಡೆ ಒಂದು ಚೌಕಟ್ಟು, ಅದರ ಮೇಲೆ ಸ್ಕೂಟರಿನ ಹಳೆ ಟ್ಯೂಬು, ಟ್ಯೂಬಿಗೆ ಕೌದಿಯ ತುಂಡು ಸುತ್ತಿದ್ದರು. ಮುಖ ಅದರೊಳಗೆ ಇಟ್ಟರೆ ಹಣೆಗೂ ಗಲ್ಲಕ್ಕೂ ಆಧಾರ, ಮೂಗಿಗೆ ಗಾಳಿ. ಕೆಳಗೆ ಮೊಳದಷ್ಟು ದೂರದಲ್ಲಿ ನೆಲದ ಫರ್ಸಿ ಕಲ್ಲು. ಬೀದರಿನಲ್ಲಿ ಬಿ.ಎಸ್ಸಿ. ಓದುವ ಮಗಳು ಪ್ರಗತಿ ರಜೆ ಹಾಕಿ ಬಂದವಳು, ಆ ಕಲ್ಲಿನ ಮೇಲೆ ತನ್ನ ಫೋನು ಇಟ್ಟಳು.

“ಮಮ್ಮಿ, ಇದು ಕೇಳು. ಹಾಡಲ್ಲ, ನಾಟಕ. ಬೀದರಂದೇ ಅದ. ಎರಡ ಕಂತು ಕೇಳು, ಬ್ಯಾಸರ ಬಂದ್ರ ತೆಗೀತೇನಿ.”

“ನನಗ್ಯಾಕವ್ವಾ ನಾಟಕ” ಎಂದೆ. ಮಾತಾಡುವಷ್ಟೂ ತ್ರಾಣವಿರಲಿಲ್ಲ. ಅವಳು ಗುಂಡಿ ಒತ್ತಿಯೇ ಬಿಟ್ಟಳು.

‘ಏಳನೆಯ ಬಾವಿ’ ಎಂದು ಅದರ ಹೆಸರು. ಯಾರೋ ಹುಡುಗ ಹುಡುಗಿಯರು ಸೇರಿ ಮಾಡಿ ಫೋನಿನಲ್ಲಿ ಕೇಳಲು ಬಿಟ್ಟಿದ್ದ ಧ್ವನಿ ನಾಟಕ, ಒಟ್ಟು ಹದಿನಾಲ್ಕು ಕಂತು. ಕಾಲ ಐದುನೂರು ವರ್ಷ ಹಿಂದಿನದು, ಸುಲ್ತಾನರ ಬೀದರ. ನೆಲದಡಿ ಸುರಂಗ ಕೊರೆದು, ನಡುನಡುವೆ ಗಾಳಿ ಬೆಳಕಿಗೆ ಬಾವಿ ಬಿಟ್ಟು, ದೂರದ ಸೆಲೆಯಿಂದ ಊರಿಗೆ ನೀರು ತರುವ ಕೆಲಸ ನಡೆದಿದೆ. ಆ ಸುರಂಗ ಬೀದರಿನ ನೆಲದಡಿ ಇವತ್ತಿಗೂ ಇದೆ, ಅದು ಕಟ್ಟುಕಥೆಯಲ್ಲ. ಕಟ್ಟುಕಥೆ ಶುರುವಾಗುವುದು ಏಳನೆಯ ಬಾವಿಯ ಹತ್ತಿರ. ಇರಾನಿನಿಂದ ಬಂದ ಮೀರ್ ಸಾಬ್ ಎಂಬ ಮುದುಕ ಸುರಂಗದ ಇಳಿಜಾರು ಲೆಕ್ಕ ಹಾಕುವವನು. ಚಂದಾ ಎಂಬ ಇಲ್ಲಿಯ ಹೆಣ್ಣುಮಗಳು ಅವನಿಗೆ ದೀಪ ಹಿಡಿಯುವವಳು. ಇಬ್ಬರಿಗೂ ಕಲ್ಲಿನೊಳಗೆ ಹುದುಗಿದ ತಾಮ್ರದ ಹಂಡೆಯಂಥ ಒಂದು ಯಂತ್ರ ಸಿಗುತ್ತದೆ. ಆ ಕಾಲದ ಯಾರೂ ಮಾಡಿರಲು ಸಾಧ್ಯವಿಲ್ಲದ್ದು. ಕಿವಿಯಿಟ್ಟರೆ ಇನ್ನೂ ಬಾರದ ವರ್ಷಗಳ ಸದ್ದು ಅದರಲ್ಲಿ ಕೇಳುತ್ತದೆ.

ಎರಡನೆಯ ಕಂತಿನಲ್ಲಿ ಹಂಡೆಯೊಳಗಿಂದ ಒಂದು ಭಯಂಕರ ಗುಂಯ್‌ಗುಡುವಿಕೆ ಬಂತು. ಮೀರ್ ಸಾಬ್ ಅದು ಜೇನುಹುಳ ಎಂದ. ಅಷ್ಟು ದೊಡ್ಡ ಜೇನು ಎಲ್ಲಿರುತ್ತದೆ ಸಾಹೇಬರೇ ಎಂದು ಚಂದಾ ನಡುಗಿದಳು. ನಾನು ಟ್ಯೂಬಿನೊಳಗಿಂದಲೇ ಕೂಗಿಬಿಟ್ಟೆ, “ಏ, ಅದು ವಿಮಾನ!” ಬೀದರಿನ ಮೇಲೆ ದಿನಾ ಹಾರುವ ತರಬೇತಿ ವಿಮಾನದ ಸದ್ದು ಅದು, ಆ ಊರಿನಲ್ಲಿ ಎರಡು ದಿನ ಇದ್ದವರಿಗೂ ಗುರುತು ಸಿಗುತ್ತದೆ. ಐದುನೂರು ವರ್ಷ ಹಿಂದಿನ ಇಬ್ಬರಿಗೆ ತಿಳಿಯದ್ದು, ಭಾಲ್ಕಿಯಲ್ಲಿ ಬೋರಲು ಬಿದ್ದ ನನಗೆ ತಿಳಿದಿತ್ತು. ಎಷ್ಟೋ ವಾರದ ಮೇಲೆ ನನಗೆ ಏನೋ ಒಂದು ಗೊತ್ತಿದೆ ಅನಿಸಿತು. ಮೂರನೆಯ ಕಂತು ಹಾಕು ಎಂದೆ.

ಮೊದಲೆರಡು ದಿನದಲ್ಲಿ ಐದು ಕಂತು ನುಂಗಿದೆ. ಪ್ರಗತಿ ಹೆದರಿ, “ಮುಂಜಾನಿ ಒಂದಾದ್ರ ಸಾಕು, ಹನ್ನೊಂದ ದಿನ ಸಾಗಬೇಕದ” ಎಂದು ರೇಷನ್ ಮಾಡಿದಳು. ಉಳಿದ ಹೊತ್ತು ಕೇಳಿದ್ದನ್ನೇ ಮತ್ತೆ ಕೇಳುತ್ತಿದ್ದೆ. ನಾಚಿಕೆ ಬಿಟ್ಟು ಹೇಳುತ್ತೇನೆ, ನಲವತ್ತಾರನೆಯ ವಯಸ್ಸಿನಲ್ಲಿ ನನಗೆ ಆ ಮೀರ್ ಸಾಬನ ಮೇಲೆ ಮನಸ್ಸಾಯಿತು. ದಪ್ಪ, ಒಡಕು ದನಿ. ಮಾತಿಗೆ ಮುಂಚೆ ಒಂದು ಸಣ್ಣ ಕೆಮ್ಮು. ಅವನಿಗೂ ಸಾಕಾಗಿತ್ತು, ದನಿಯಲ್ಲೇ ತಿಳಿಯುತ್ತಿತ್ತು. ಕತ್ತಲಲ್ಲಿ ಬಗ್ಗಿ ಬಗ್ಗಿ ಬೆನ್ನು ಹೋಗಿತ್ತು. ದಿನದ ಕೊನೆಗೆ ಕೈಗೇಣಿನಿಂದ ಅಳೆದು, “ಬೇಟಿ, ಇವತ್ತ ಒಂದು ಗೇಣು ಆಯ್ತು. ಸಾಕು, ನಡಿ” ಎನ್ನುತ್ತಿದ್ದ. ಧೈರ್ಯ ತಂದುಕೊಳ್ಳಿ, ಒಳ್ಳೆಯದನ್ನೇ ಯೋಚಿಸಿ ಎಂದು ಹೇಳುವವರು ನನಗೆ ಊರ ತುಂಬ ಇದ್ದರು. ಒಂದು ಗೇಣು ಸಾಕು ಎಂದವನು ಅವನೊಬ್ಬನೇ. ಆ ದನಿ ಕೇಳುವಾಗ ನನಗೆ ಏಳಬೇಕೆನಿಸುತ್ತಿರಲಿಲ್ಲ. ಅವರಿಬ್ಬರೂ ಸುರಂಗದಲ್ಲಿ ಬಗ್ಗಿಕೊಂಡು ಮುಂದೆ ಹೋಗುತ್ತಿದ್ದರು, ನಾನೂ ಮುಖ ಕೆಳಗೆ ಮಾಡಿಕೊಂಡು ಹಿಂದೆ ಹೋಗುತ್ತಿದ್ದೆ.

ಮನೆಯವರಿಗೆ ಇದು ತಮಾಷೆಯಾಯಿತು. “ನಿನ್ನ ಮೀರ್ ಸಾಬಗ ಚಾ ಹೇಳ್ಲೇನು?” ಎಂದು ಯಜಮಾನರು ಅಂಗಡಿಯಿಂದ ಬಂದವರೇ ಕೇಳುತ್ತಿದ್ದರು. ನನಗೆ ನಗುವುದಕ್ಕೂ ಕೊರಳು ನೋಯುತ್ತಿತ್ತು. ಅವರು ನೆಲದ ಮೇಲೆ ಅಂಗಾತ ಮಲಗಿ, ಟ್ಯೂಬಿನ ಕೆಳಗೆ ತಲೆ ತೂರಿಸಿ, ಸ್ಟ್ರಾ ಹಾಕಿದ ಚಹಾದ ಲೋಟ ನನ್ನ ಬಾಯಿಗೆ ಹಿಡಿಯುತ್ತಿದ್ದರು. ಗ್ರೀಸು ಬಳಿದ ಅಂಗಿ, ಮೇಲೆ ನೋಡುವ ಮುಖ. ಮದುವೆಯಾದ ಇಪ್ಪತ್ತೆರಡು ವರ್ಷದಲ್ಲಿ ನಾವು ಅಷ್ಟು ಹತ್ತಿರದಿಂದ ಅಷ್ಟು ಹೊತ್ತು ಮುಖ ನೋಡಿಕೊಂಡದ್ದಿಲ್ಲ. ಮಂದಗಣ್ಣಿಗೆ ಅವರ ಮುಖ ಒಂದು ಕಂದು ಮೋಡ, ಆದರೂ ನೋಡುತ್ತಿದ್ದೆ.

ಅತ್ತೆ ಮೊದಮೊದಲು ದೂರ ಇದ್ದರು. ಹಿಂದಿನ ಸಲ ರಟ್ಟೆ ಹಿಡಿದು ಎಬ್ಬಿಸಿದ್ದು ಅವರ ಮನಸ್ಸಿನಲ್ಲಿತ್ತೋ ಏನೋ, ಬಾಯಿ ಬಿಟ್ಟು ಹೇಳಲಿಲ್ಲ. ಇಯರ್‌ಫೋನು ಕಿವಿಗೆ ಒತ್ತುತ್ತದೆಂದು ಫೋನು ಜೋರಾಗಿಯೇ ಇಟ್ಟಿದ್ದೆವು. ಬಾಗಿಲಲ್ಲಿ ಕೂತು ಕಾಳು ಆರಿಸುತ್ತಿದ್ದವರು ಒಂದು ದಿನ ಮೊರದ ಸಮೇತ ಒಳಗೆ ಬಂದು ನನ್ನ ಮಂಚದ ಪಕ್ಕ ಕೂತರು. ನನಗೆ ಮಸುಕಾಗಿ ಕಂಡದ್ದು ಅವರ ಕಾಲು, ಮೊರದ ಅಂಚು ಮಾತ್ರ.

“ಅಂವ ನೀರಿನ ಮುದುಕ ಬದುಕ್ಯಾನೇನು ಇನ್ನ?” ಎಂದರು.

“ಬದುಕ್ಯಾನ್ರಿ ಅತ್ತಿ.”

“ಉಣ್ಣಲಾಕ ಯಾರ ಕೊಡ್ತಾರ ಅವಗ? ಬರೇ ಕೆಮ್ಮತಾನ. ಆ ಹುಡುಗಿಗಾರ ತಿಳೀಬಾರ್ದೇನು, ಒಂದ ಬಿಸಿ ರೊಟ್ಟಿ ಮಾಡಿ ಒಯ್ಯಬೇಕಂತ?”

ಅಂದಿನಿಂದ ಬೆಳಗಿನ ಕಂತಿಗೆ ಅತ್ತೆ ತಪ್ಪಿಸಿಕೊಳ್ಳಲಿಲ್ಲ. ನೀರು ಕುಡಿಯಲು ನಾನು ಸ್ವಲ್ಪ ತಲೆ ಎತ್ತಿದರೂ, “ಮಾರಿ ಕೆಳಗ, ಮಾರಿ ಕೆಳಗ” ಎಂದು ಗದರುತ್ತಿದ್ದರು. ಮೀರ್ ಸಾಬನಿಗೆ ಒಂದೇ ಚಿಂತೆ. ತಾನು ಇಷ್ಟು ಕಷ್ಟಪಟ್ಟು ಕೊರೆದ ಸುರಂಗದಲ್ಲಿ ಐದುನೂರು ವರ್ಷದ ಮೇಲೂ ನೀರು ಹರಿಯುತ್ತದೆಯೋ ಇಲ್ಲವೋ. ಅದೊಂದು ಸದ್ದಿಗಾಗಿ ದಿನಾ ಹಂಡೆಗೆ ಕಿವಿಯಿಟ್ಟು ಕೂಡುತ್ತಾನೆ. ಬಸ್ಸಿನ ಹಾರ್ನು ಕೇಳುತ್ತದೆ, ಮೈಕಿನ ಕಿರುಚಾಟ ಕೇಳುತ್ತದೆ, ನೀರು ಮಾತ್ರ ಕೇಳುವುದಿಲ್ಲ. ಅತ್ತೆಗೂ ಅದೇ ಚಿಂತೆ ಹತ್ತಿತು.

ಏಳನೆಯ ದಿನ ಮಧ್ಯಾಹ್ನ ಅಂಗಳದಲ್ಲಿ ಕೋಲಿನ ಸದ್ದು ಕೇಳಿತು. ದೊಡ್ಡ ಮಾವ. ಫೋನಿನಲ್ಲಿ ಹತ್ತನೆಯ ಕಂತು ನಡೆದಿತ್ತು. ಇದು ಕೊನೆಯ ಸಲ, ಕಿತ್ತು ಬಂದರೆ ಮುಗಿಯಿತು, ಎಲ್ಲ ಗೊತ್ತಿತ್ತು. ಗೊತ್ತಿದ್ದೂ ನನ್ನ ಎರಡೂ ಕೈ ಮಂಚಕ್ಕೆ ಊರಿಕೊಂಡವು. ಇಪ್ಪತ್ತೆರಡು ವರ್ಷದ ಅಭ್ಯಾಸ ಕೈಗೆ ಇಳಿದಿರುತ್ತದೆ, ತಲೆಯನ್ನು ಕೇಳುವುದಿಲ್ಲ. ಹಣೆ ಟ್ಯೂಬು ಬಿಟ್ಟು ಎರಡು ಬೆರಳು ಮೇಲೆ ಬಂದಿತ್ತು.

ಹಿಂದಲೆಯ ಮೇಲೆ ಒಂದು ಕೈ ಬಿತ್ತು. ಗಟ್ಟಿಯಾಗಿ ಒತ್ತಿತು. ಮೊರದ ಕಾಳು ನೆಲಕ್ಕೆ ಚೆಲ್ಲಿದ ಸದ್ದು.

“ಆಕಿ ಏಳಂಗಿಲ್ರಿ” ಎಂದರು ಅತ್ತೆ.

ಕೋಲಿನ ಸದ್ದು ಬಾಗಿಲಲ್ಲೇ ನಿಂತಿತು. ಫೋನಿನಲ್ಲಿ ಮೀರ್ ಸಾಬ್ ಕೆಮ್ಮಿದ. ಭಾವನ ಎದುರು ಅತ್ತೆ ಆಡಿದ ಮೊದಲ ಮಾತು ಅದು.

“ಹ್ವಾದ ಸಲ ನಾನೇ ಎಬ್ಬಿಸಿದ್ದರಿ. ಆಕಿ ಕಣ್ಣು ಹೋಯ್ತು. ಈ ಸಲ ಏಳಬ್ಯಾಡಂತ ಡಾಕ್ಟರ್ ಹೇಳ್ಯಾನ, ನಾನೂ ಹೇಳ್ತೇನಿ. ತಪ್ಪಾದ್ರ ನನಗ ಅನ್ರಿ.” ಇಷ್ಟು ಹೇಳಿ ಅತ್ತೆ ಮಂಚದ ಮೇಲಿದ್ದ ನನ್ನ ಸೆರಗು ಎತ್ತಿ, ಬೋರಲಾಗಿಯೇ ಇದ್ದ ನನ್ನ ತಲೆಗೆ ಹೊದೆಸಿದರು.

ಆಮೇಲೆ ಕೋಲು ಹತ್ತಿರ ಬಂತು. ಟ್ಯೂಬಿನ ಕೆಳಗೆ ಫರ್ಸಿಯ ಮೇಲೆ ಎರಡು ಪಾದಗಳು ಮಸುಕಾಗಿ ಕಂಡವು. ಕೈ ಚಾಚಿ ಮುಟ್ಟಿದೆ.

“ಏಳು ದಿನದಿಂದ ನೀ ಸಾಷ್ಟಾಂಗದಾಗೇ ಅದೀ, ಮತ್ತ್ಯಾಕ ಏಳಬೇಕವ್ವಾ?” ಎಂದರು ದೊಡ್ಡ ಮಾವ. “ನನ್ನ ಸಲುವಾಗೇನು ಹಿಂಗಾಗಿದ್ದು, ಹ್ವಾದ ಸಲ? ಖರೇ ಹೇಳು.”

“ಗೊತ್ತಿಲ್ರಿ ದೊಡ್ಡ ಮಾವಾರ. ಸುಮ್ಮ ಮಲಗಿದ್ರೂ ಒಮ್ಮೊಮ್ಮೆ ಹಿಂಗಾಗ್ತದಂತ.”

ಅವರು ಪಕ್ಕದ ಕೋಣೆಯಲ್ಲಿ ಚಹಾ ಕುಡಿದು, ನನ್ನ ತಲೆಯ ಹತ್ತಿರ ಬಂದು ‘ಶರಣು’ ಎಂದು ಹೋದರು. ಮನೆತನದಲ್ಲಿ ಯಾರೂ ಸುವರ್ಣಾಳನ್ನು ನೋಡಲು ಹೋಗಕೂಡದು, ಹನ್ನೊಂದು ದಿನ ತುಂಬಲಿ ಎಂದು ಎಕಂಬಾದಿಂದ ಫೋನು ಮಾಡಿಸಿದರಂತೆ. ಅತ್ತೆ ಆ ದಿನ ಸಂಜೆ ಊಟ ಮಾಡಲಿಲ್ಲ. ಕೇಳಿದರೆ, “ಕೈಕಾಲ ನಡಗಲಾಕತ್ಯಾವ, ಹೊಟ್ಟಿ ಹಸಿವಿಲ್ಲ” ಎಂದರು.

ಹನ್ನೊಂದನೆಯ ದಿನ ಹದಿನಾಲ್ಕನೆಯ ಕಂತು ಕೇಳಿದೆವು. ಮೀರ್ ಸಾಬನಿಗೆ ಕೊನೆಗೂ ಕೇಳಿದ್ದು ಜನರ ಮಾತು. ನಮ್ಮ ಕಾಲದ ಯಾರೋ ಸುರಂಗ ನೋಡಲು ಇಳಿದಿದ್ದಾರೆ, ಇಲ್ಲಿ ಮೊದಲು ನೀರಿತ್ತಂತೆ ಎನ್ನುತ್ತಾರೆ. ಮುದುಕ ಕಿವಿ ತೆಗೆಯದೆ ಹಾಗೆಯೇ ಕೂತಿರುತ್ತಾನೆ. ಅವರು ಹೋಗುತ್ತಾರೆ. ಆಮೇಲೆ ಬಹಳ ಹೊತ್ತಿಗೆ ಎಲ್ಲೋ ದೂರ ಒಂದು ಹನಿ ಬೀಳುತ್ತದೆ, ಇನ್ನೊಂದು ಬೀಳುತ್ತದೆ. ಅಷ್ಟಕ್ಕೇ ನಾಟಕ ಮುಗಿಯಿತು. ನನಗೆ ಅಳು ಬಂತು. ಬೋರಲು ಮಲಗಿದವರ ಕಣ್ಣೀರು ಕೆನ್ನೆಗೆ ಇಳಿಯುವುದಿಲ್ಲ, ನೇರ ನೆಲಕ್ಕೆ ಬೀಳುತ್ತದೆ. ಪಕ್ಕದಲ್ಲಿ ಅತ್ತೆಯೂ ಮೂಗು ಸೀಟಿದರು.

ಪರದೆ ಈ ಸಲ ಹಿಡಿಯಿತು. ಆರು ತಿಂಗಳ ಮೇಲೆ ಎಣ್ಣೆ ತೆಗೆದರು. ಮತ್ತೆ ಅದೇ ಪಡಸಾಲೆ, ಅದೇ ಹನಿ, ಅದೇ ಕುರ್ಚಿ ಸರಿಯುವುದು. ಕೊನೆಯ ತಪಾಸಣೆಯ ದಿನ ಡಾಕ್ಟರರಿಗೆ, “ಮೊದಲ ಸಲ ನಾ ಬರೋಬರ್ ಮಲಗಿದ್ದಿಲ್ರಿ, ಸುಳ್ಳ ಹೇಳಿದ್ದೆ” ಎಂದೆ. “ಗೊತ್ತಿತ್ರಿ” ಎಂದು ಅವರು ಚೀಟಿ ಬರೆಯುವುದನ್ನು ಮುಂದುವರಿಸಿದರು. ಆಮೇಲೆ ಚೌಕಳಿ ಗೆರೆಯ ಕಾಗದ ತೋರಿಸಿದರು. ಅಂಚಿನ ಗೆರೆಗಳು ನೆಟ್ಟಗಿದ್ದವು, ನಟ್ಟನಡುವೆ ಮಾತ್ರ ಎಲ್ಲ ಸೊಟ್ಟ. ದಿಟ್ಟಿಸಿ ಯಾವುದನ್ನು ನೋಡುತ್ತೇನೋ ಅದೇ ಸೊಟ್ಟ.

“ಇಷ್ಟ ಉಳೀತು ಅನ್ನೋದೇ ದೊಡ್ಡ ಮಾತ್ರಿ. ಇದು ಇನ್ನ ಸೀದಾ ಆಗಂಗಿಲ್ಲ. ಸೂಕ್ಷ್ಮದರ್ಶಕ ಬಿಡ್ರಿ.”

ಬಿಟ್ಟೆ. ಈಗ ಔರಾದಿನಲ್ಲಿ ಕಿಟಕಿಯ ಹತ್ತಿರ ಕೂತು ರೋಗಿಗಳ ಹೆಸರು ಬರೆದು, ಸೀಸೆಗೆ ಚೀಟಿ ಅಂಟಿಸಿ ಒಳಗೆ ಕಳಿಸುತ್ತ ಇರುತ್ತೇನೆ. ಒಳಗೆ ನನ್ನ ಸ್ಟೂಲಿನ ಮೇಲೆ ಬೇರೆಯವರು ಕೂತಿದ್ದಾರೆ. ಚೆನ್ನಾಗಿಯೇ ಮಾಡುತ್ತಾರೆ. ಆದರೂ ಆ ಕೋಣೆಯ ಬಾಗಿಲು ತೆರೆದಾಗ ಬಣ್ಣದ ವಾಸನೆ ಬಂದರೆ ನನಗೆ ಸಂಕಟವಾಗುತ್ತದೆ. ನಡೆದಾಡಲು, ಅಡುಗೆ ಮಾಡಲು, ಬಸ್ಸು ಹತ್ತಲು ಕಣ್ಣಿದೆ, ಅದು ದೊಡ್ಡದು ಎಂದು ನನಗೆ ನಾನೇ ಹೇಳಿಕೊಳ್ಳುತ್ತೇನೆ. ದಿನಾ ನಂಬುತ್ತೇನೆ ಎಂದು ಹೇಳಲಾರೆ. ಮಗಳ ಮುಖ ನೋಡಬೇಕೆಂದರೆ ಅವಳ ಕಿವಿ ನೋಡಬೇಕು, ಆಗ ಪಕ್ಕದಿಂದ ಮುಖ ಅಷ್ಟಿಷ್ಟು ನೆಟ್ಟಗೆ ಕಾಣುತ್ತದೆ. ಈ ಸೊಟ್ಟದ ಮೇಲೆ ನನಗೆ ಬಂದಷ್ಟು ಸಿಟ್ಟು ಜೀವನದಲ್ಲಿ ಯಾವ ಮನುಷ್ಯನ ಮೇಲೂ ಬಂದಿಲ್ಲ.

ಮೊನ್ನೆ ಭಾನುವಾರ ಪ್ರಗತಿ ಬೀದರಿನಿಂದ ಬಂದವಳು ಫೋನು ಹಿಡಿದುಕೊಂಡು ಅಡುಗೆಮನೆಗೆ ಓಡಿ ಬಂದಳು. “ಮಮ್ಮಿ, ಏಳನೆಯ ಬಾವಿಯವರು ತಮ್ಮ ಫೋಟೊ ಹಾಕ್ಯಾರ! ಮೀರ್ ಸಾಬ್ ಯಾರಂತ ನೋಡ್ತಿಯೇನು?”

ನಾನು ಗಟ್ಟಿಯಾಗಿ ಕಣ್ಣು ಮುಚ್ಚಿಕೊಂಡೆ. “ಬ್ಯಾಡ. ತೋರ್ಸಬ್ಯಾಡ.” ಬಿಳಿ ಗಡ್ಡ, ಗೂನು ಬೆನ್ನು, ಬಾವಿಯ ಮೇಲಿನಿಂದ ಬಿದ್ದ ಬೆಳಕಿಗೆ ಕಿರಿದಾಗುವ ಕಣ್ಣು. ಅವನು ಹೇಗಿದ್ದಾನೆಂದು ನನಗೆ ಗೊತ್ತಿತ್ತು. ಯಾವ ಫೋಟೊವೂ ಬೇಕಾಗಿರಲಿಲ್ಲ.

“ನನಗ ತೋರ್ಸು” ಎಂದು ಅತ್ತೆ ಕಸಿದುಕೊಂಡರು. “ಇಂವಾ? ಅಯ್ಯ, ಮೀಸಿ ಸುದ್ದಾ ಬರೋಬರ್ ಬಂದಿಲ್ಲಲ್ಲ ಇಂವಗ!”

ಕಣ್ಣಿಗೆ ರೆಪ್ಪೆಯಿದೆ, ಕಿವಿಯನ್ನು ಏನಿಂದ ಮುಚ್ಚುವುದು? ಅಜ್ಜಿ ಮೊಮ್ಮಗಳು ಬಿದ್ದು ಬಿದ್ದು ನಗತೊಡಗಿದರು. ನನಗೂ ತಡೆಯಲಾಗಲಿಲ್ಲ. ಕಣ್ಣು ಬಿಟ್ಟು, ಫೋನು ಇಸಿದುಕೊಂಡು, ದಿಟ್ಟಿಸಿ ನೋಡಿದೆ. ಅಂಗಿಯ ಕಾಲರು ಕಂಡಿತು, ಹಿಂದಿನ ಗೋಡೆ ಕಂಡಿತು. ಮುಖ ಇರಬೇಕಾದ ಜಾಗದಲ್ಲಿ ಗೆರೆಗಳೆಲ್ಲ ಬಾಗಿ, ಮೂಗು ಒಂದು ಕಡೆ ಗಲ್ಲ ಒಂದು ಕಡೆ ಜಾರಿ, ಯಾವ ವಯಸ್ಸಿನ ಯಾರೂ ಅಲ್ಲಿರಲಿಲ್ಲ. ಪಕ್ಕದಿಂದ ನೋಡಬಹುದಿತ್ತು, ನೋಡಲಿಲ್ಲ. ಆ ಸೊಟ್ಟದ ಮೇಲೆ ನನಗೆ ಸಿಟ್ಟು ಬಾರದೇ ಹೋದದ್ದು ಅದೇ ಮೊದಲು.